ಲಾಕರಿನಲ್ಲಿದ್ದ ಕಾಗದ

ಗವಿಪುರಂ, ಬೆಂಗಳೂರು
ಗುರುವಾರ, 12 ಫೆಬ್ರವರಿ

ಶಶಿ,

ಉಭಯ ಕುಶಲೋಪರಿ ಎಂದೆಲ್ಲ ಬರೆಯುವ ತಾಳ್ಮೆ ನನಗಿಲ್ಲ. ನೀನು ಬದುಕಿದ್ದೀಯ. ಹಾಗಾಗಿ ಮೊದಲು ನನ್ನಿಂದ ಬೈಸಿಕೊ.

ಸೋಮವಾರ ಹನ್ನೊಂದು ಗಂಟೆಗೆ ನಾನು ಶಾಲೆಯ ಸ್ಟಾಫ್ ರೂಮಿನಲ್ಲಿ ಟೆಸ್ಟ್ ಪೇಪರ್ ತಿದ್ದುತ್ತಿದ್ದೆ. ಆಯಾ ಅಕ್ಕಯಮ್ಮ ಒಂದು ಲಕೋಟೆ ತಂದಿಟ್ಟಳು. ನಿನ್ನ ಅಕ್ಷರ. ಮೂರು ವರ್ಷದಿಂದ ಒಂದು ಸಾಲೂ ಬರೆಯದವನಿಗೆ ಈಗೇನು ಬಂತು ಎಂದುಕೊಂಡು ಒಡೆದೆ. "ವಾಣಿ, ಇದು ನಿನ್ನ ಕೈ ಸೇರುವ ಹೊತ್ತಿಗೆ ನಾನಿರುವುದಿಲ್ಲ" ಎಂದು ಶುರುವಾಗಿತ್ತು.

ಅಕ್ಕಯಮ್ಮ "ಯಾಕ್ ಮೇಡಮ್ಮೋರೆ, ಮುಖ ಹಿಂಗ್ ಬಿಳಿಚ್ಕೊಂಡೈತೆ, ಒಸಿ ನೀರ್ ಕುಡೀರಿ" ಎಂದು ಲೋಟ ತಂದಳು. ಆಫೀಸಿನ ಫೋನಿನಿಂದ ನಿನ್ನ ನಂಬರು ಒತ್ತಿದೆ. "ಹಲೋ, ಯಾರು?" ಎಂದೆ ನೀನು. ನಾನು ಫೋನ್ ಇಟ್ಟುಬಿಟ್ಟೆ. ಆಮೇಲೆ ಮೆಟ್ಟಿಲ ಕೆಳಗೆ, ಬೆಂಚುಗಳನ್ನು ರಾಶಿ ಹಾಕಿದ ಮೂಲೆಯಲ್ಲಿ ನಿಂತು ಅತ್ತೆ.

ನೌಕಾಪಡೆಯ ನಿನ್ನ ಹಳೆಯ ಸ್ಕ್ವಾಡ್ರನ್ನಿಗೆ ಫೋನ್ ಮಾಡಿದಾಗ ವಿಷಯ ಗೊತ್ತಾಯಿತು. ಹಡಗು ಹತ್ತುವ ಮುಂಚೆ ನೀವು ಪೈಲಟ್‌ಗಳೆಲ್ಲ ಮನೆಗೊಂದು ಕಾಗದ ಬರೆದು ಲಾಕರಿನಲ್ಲಿ ಇಡುತ್ತೀರಂತೆ. ಏನಾದರೂ ಆದರೆ ಮಾತ್ರ ಅದನ್ನು ಕಳಿಸುವುದಂತೆ. ಹನ್ನೆರಡು ವರ್ಷ ಸಂಸಾರ ಮಾಡಿದವಳಿಗೆ ಇದು ಗೊತ್ತೇ ಇರಲಿಲ್ಲ! ನಾನು ಬಿಟ್ಟು ಬಂದ ಮೇಲೆ ನೀನು ಕೊನೆಯ ಸಲ ಹಡಗು ಹತ್ತಿದೆ, ಇಳಿದು ಬಂದವನೇ ಗಗನಯಾತ್ರಿ ತರಬೇತಿಗೆ ಓಡಿದೆ, ಕಾಗದ ಅಲ್ಲೇ ಉಳಿಯಿತು. ಹೊಸಬನೊಬ್ಬ ಲಾಕರ್ ಖಾಲಿ ಮಾಡುವಾಗ, ಮೇಲೆ ನನ್ನ ಶಾಲೆಯ ವಿಳಾಸ ಇದೆಯಲ್ಲ ಎಂದು ಅಂಚೆಗೆ ಹಾಕಿದನಂತೆ. "ತಪ್ಪಾಯ್ತು ಮೇಡಂ" ಎಂದು ಹತ್ತು ಸಲ ಹೇಳಿದ, ಪಾಪ.

ತಪ್ಪಾಯಿತು ಎಂದು ನೀನೂ ಬರೆದಿದ್ದೀಯ. ಹೇಳದೆ ಗಗನಯಾತ್ರಿ ಆಗಲು ಅರ್ಜಿ ಹಾಕಿದ್ದು ತಪ್ಪು, ಕ್ಷಮಿಸು ಎಂದು. ಶಶಿ, ಓಡುವ ಹಡಗಿನ ಮೇಲೆ ವಿಮಾನ ಇಳಿಸುವವನ ಹೆಂಡತಿಯಾಗಿ ಬದುಕಿದ್ದು ನನಗೆ ಕಷ್ಟವಾಗಲಿಲ್ಲ ಎಂದುಕೊಂಡೆಯಾ? ಇದೊಂದು ಸಲ ಹೋಗಿ ಬರುತ್ತೇನೆ, ಆಮೇಲೆ ಬಸವನಗುಡಿ ಕಡೆ ಮನೆ ಮಾಡೋಣ ಎಂದಿದ್ದವನು ನೀನೇ. ನೀನು ಬಾಹ್ಯಾಕಾಶಕ್ಕೆ ಹೊರಟಿದ್ದೀಯ ಎಂದು ನನಗೆ ಹೇಳಿದ್ದು ನಿನ್ನ ಸ್ನೇಹಿತನ ಹೆಂಡತಿ, ತರಕಾರಿ ಅಂಗಡಿಯಲ್ಲಿ. "ಅಯ್ಯೋ, ನಿಂಗೆ ಹೇಳೇ ಇಲ್ವಾ?" ಎಂದಳು. ಆ ಮಾತಿಗೇ ನಾನು ಗಂಟುಮೂಟೆ ಕಟ್ಟಿಕೊಂಡು ಬಂದದ್ದು. ಕೋಪ ಎಂದು ಎಲ್ಲರಿಗೂ ಹೇಳಿದೆ. ನಿಜ ಹೇಳಬೇಕೆಂದರೆ ಹೆದರಿಕೆ.

ತಮಾಷೆ ನೋಡು, ತರಬೇತಿಗೆ ನೀನು ಬಂದದ್ದೂ ಬೆಂಗಳೂರಿಗೇ. ಆಟೋ ಹತ್ತಿದರೆ ಒಂದು ಗಂಟೆ. ನೀನು ಬರಲಿಲ್ಲ, ನಾನು ಕರೆಯಲಿಲ್ಲ. ಪಕ್ಕದ ಮನೆ ಶೈಲಜಮ್ಮನವರು "ವಾಣೀ, ಬಾರೇ, ನಿಮ್ಮೆಜಮಾನ್ರು ಬರ್ತಿದಾರೆ" ಎಂದು ಕೂಗುತ್ತಾರೆ. ಹೋಗಿ ನೋಡಿದರೆ ಟಿವಿಯಲ್ಲಿ! ನಾನು ನಕ್ಕು, ಅವರು ಕೊಟ್ಟ ಕಾಫಿ ಕುಡಿದು, ಮನೆಗೆ ಬಂದು ಒಂದು ಪಾವು ಅಕ್ಕಿಯಲ್ಲಿ ಎರಡು ಹೊತ್ತಿಗೂ ಅನ್ನ ಮಾಡಿಕೊಳ್ಳುತ್ತೇನೆ. ಭಾನುವಾರ ಸಂಜೆವರೆಗೂ ಯಾರ ಹತ್ತಿರವೂ ಮಾತಾಡದೆ ಇದ್ದು, ಸೋಮವಾರ ಕ್ಲಾಸಿನಲ್ಲಿ ಬಾಯಿ ತೆರೆದರೆ ಗಂಟಲು ಕಟ್ಟಿರುತ್ತದೆ.

ಹಾರುವ ಮುಂಚೆ ನಿಮಗೆ ಯಾರ ಶೀತ ಕೆಮ್ಮೂ ತಗಲಬಾರದೆಂದು ಗಾಜಿನ ಆಚೆ ಇಟ್ಟಿದ್ದಾರಂತೆ. ಈ ಭಾನುವಾರ ಮನೆಯವರು ಒಬ್ಬರು ಬಂದು ನೋಡಬಹುದಂತೆ. ನೀನು ನನ್ನ ಹೆಸರು ಕೊಟ್ಟಿದ್ದೀಯ ಎಂದು ತರಬೇತಿ ಕೇಂದ್ರದವರು ಹೇಳಿದರು. ನಾನು ಹೋಗದಿದ್ದರೆ ಆ ಗಾಜಿನ ಮುಂದೆ ಯಾರೂ ಇರುವುದಿಲ್ಲ. ಬರುತ್ತೇನೋ ಇಲ್ಲವೋ, ಯೋಚನೆಯನ್ನೇ ಮಾಡಿಲ್ಲ. ಪರೀಕ್ಷೆ ಬೇರೆ ಹತ್ತಿರ ಬಂತು.

ಒಂದಂತೂ ಹೇಳಿಬಿಡುತ್ತೇನೆ. ನೀನು ಇಲ್ಲವಾದ ಮೇಲೆ ಬಂದು ಸೇರುವ ಕ್ಷಮಾಪಣೆ ನನಗೆ ಬೇಡ. ಈ ಸಲವೂ ಅಂಥದೊಂದು ಬರೆದಿಟ್ಟಿದ್ದರೆ ಹರಿದುಹಾಕು. ಕೇಳುವುದಿದ್ದರೆ ಎದುರಿಗೆ ನಿಂತು ಕೇಳು. ಕೇಳಿದ ಮೇಲೆ ಹೂಂ ಅನ್ನಬೇಕೋ ಬೇಡವೋ ನೋಡುತ್ತೇನೆ.

ಹುಷಾರಾಗಿರು.

ಇನ್ನೂ ನಿನ್ನ ಹೆಂಡತಿಯೇ ಆಗಿರುವ,
ವಾಣಿ

ತಾ.ಕ.: ನಿನ್ನ ಕಾಗದ ನೋಡಿ ಕರಗಿದಳು ಎಂದು ಬೀಗಬೇಡ. ಭಾನುವಾರದ ಪಾಸಿಗೆ ನಾನು ಫೋಟೊ, ಆಧಾರ್ ಎಲ್ಲ ಕಳಿಸಿದ್ದು ಹೋದ ಶುಕ್ರವಾರವೇ. ನಿನ್ನ ಕಾಗದ ಬಂದದ್ದು ಸೋಮವಾರ.