ಕನ್ನಡಿಯ ಮೇಲಿನ ಊಟ

ಉರ್ದಾನ್ ಬೆಟ್ಟ,
೧೯ ಅಕ್ಟೋಬರ್ ೧೯೭೪

ಇನ್ನೊಕೆಂತಿ,

ನಿನ್ನ ಪತ್ರ ತಲುಪಿ ತಿಂಗಳ ಮೇಲಾಯಿತು. ಕಾಗದ ಬಹಳ ಚೆನ್ನಾಗಿದೆ. ಅಷ್ಟು ದಪ್ಪನೆಯ ನುಣುಪು ಕಾಗದ ನಮ್ಮ ಮದುವೆಯ ಪ್ರಮಾಣಪತ್ರಕ್ಕೂ ಸಿಕ್ಕಿರಲಿಲ್ಲ. ಮಾಸ್ಕೋದವರು ನಿನ್ನನ್ನು ಇನ್ನೂ ಪೂರ್ತಿ ಕೈಬಿಟ್ಟಿಲ್ಲ ಎಂದು ಅದರಿಂದಲೇ ತಿಳಿಯಿತು. ನಾನು ಕ್ಷೇಮ. ಮಂಡಿನೋವು ಇದೆ, ಬೆಟ್ಟದ ಗಾಳಿಗೆ ಅದು ಇನ್ನಷ್ಟು ಹೆಚ್ಚಿದೆ.

ನೀನು ಕೇಳಿದ್ದು ಎರಡೇ ಸಾಲು. ‘ದೂರದರ್ಶಕದ ಉದ್ಘಾಟನೆಯ ದಿನ ನಾನು ಆಡಿದ ಮಾತು ನಿಜವಲ್ಲ, ಗಂಡನ ಮೇಲಿನ ಹೊಟ್ಟೆಕಿಚ್ಚಿನಿಂದ ಆಡಿದೆ’ ಎಂದು ಬರೆದು ಸಹಿ ಮಾಡಿ ಸಚಿವಾಲಯಕ್ಕೆ ಕಳಿಸಬೇಕು. ಕಳಿಸಿದರೆ ನಿನ್ನ ವಿದೇಶದ ಹುದ್ದೆ ಮತ್ತೆ ಕೈಗೆ ಬರಬಹುದು. ಕಳಿಸದಿದ್ದರೆ ಗ್ಲಾಫೀರಾಳ ಕೆಲಸದ ಬಗ್ಗೆ ‘ಮತ್ತೊಮ್ಮೆ ಯೋಚಿಸಬೇಕಾಗುತ್ತದೆ’ ಎಂದು ಕೊನೆಯಲ್ಲಿ ಸೇರಿಸಿದ್ದೀಯೆ. ಆ ಸಾಲನ್ನು ಓದಿದ ಮೇಲೆ ಪತ್ರವನ್ನು ಮೇಜಿನ ಮೇಲಿಟ್ಟು ಸೋಪು ಹಚ್ಚಿ ಕೈ ತೊಳೆದುಕೊಂಡೆ. ನಾಟಕಕ್ಕಲ್ಲ. ನಿಜವಾಗಿಯೂ ಕೈ ಜಿಡ್ಡು ಜಿಡ್ಡಾದಂತೆ ಅನಿಸಿತು.

ಎರಡು ಸಾಲಿನ ಬದಲು ಇಷ್ಟುದ್ದ ಏಕೆ ಬರೆಯುತ್ತಿದ್ದೇನೆಂದರೆ, ನಿನ್ನ ಪತ್ರದಲ್ಲಿ ನಡೆದದ್ದೆಲ್ಲ ಬೇರೆಯೇ ಆಗಿಬಿಟ್ಟಿದೆ. ‘ಆ ಚಿಕ್ಕ ಅಚಾತುರ್ಯ’ ಎಂದು ಬರೆದಿದ್ದೀಯೆ. ‘ನಾವಿಬ್ಬರೂ ದುಡುಕಿದೆವು’ ಎಂದು ಬರೆದಿದ್ದೀಯೆ. ನಾವಿಬ್ಬರೂ! ನಡೆದದ್ದನ್ನು ನಡೆದ ಹಾಗೆ ಒಮ್ಮೆ ಓದು. ಈಗ ನಿನಗೆ ಬಿಡುವಿದೆ.

ದೂರದರ್ಶಕದ ಕನ್ನಡಿಗೆ ಗಾಜು ಎರಕ ಹೊಯ್ಯುವ ದಿನ ನೀನು ಒಳ್ಳೆಯವನಾಗಿದ್ದೆ. ಅದನ್ನು ನಾನು ಅಲ್ಲಗಳೆಯುವುದಿಲ್ಲ. ಮೂರು ಮೀಟರ್ ಅಗಲದ ಅಚ್ಚಿನೊಳಗೆ ಆ ಕೆಂಪು ಪಾಯಸ ಇಳಿಯುವಾಗ ನೀನು ಕುಲುಮೆಯ ಪಕ್ಕದಲ್ಲಿ ಹುಬ್ಬು ಸುಟ್ಟುಕೊಂಡು ನಿಂತಿದ್ದೆ. ಆಮೇಲೆ ಒಂದು ವರ್ಷಕ್ಕೂ ಹೆಚ್ಚು ಕಾಲ ಅದು ಮುಚ್ಚಿದ ಕುಲುಮೆಯಲ್ಲಿ ಇಷ್ಟಿಷ್ಟೇ ತಣಿಯಿತು. ಕಾರ್ಖಾನೆಯ ನಿರ್ದೇಶಕರು ಅವಸರ ಮಾಡಿದಾಗಲೆಲ್ಲ ನೀನು, “ಬಸುರಿ ಹೊಟ್ಟೆ ಕೊಯ್ದು ಮಗು ಹೆಣ್ಣೋ ಗಂಡೋ ಅಂತ ನೋಡ್ತಾರಾ?” ಎಂದು ಅವರ ಬಾಯಿ ಮುಚ್ಚಿಸಿದೆ. ನಾನು ಆಗ ನಿನ್ನ ಬಗ್ಗೆ ಹೆಮ್ಮೆಪಟ್ಟೆ. ಈಗ ಅದನ್ನು ನೆನೆದರೆ ಇನ್ನೂ ಹೆಚ್ಚು ಹೇಸಿಗೆಯಾಗುತ್ತದೆ. ಮೊದಲಿನಿಂದಲೂ ಅಯೋಗ್ಯನಾಗಿದ್ದಿದ್ದರೆ ಲೆಕ್ಕ ಸುಲಭವಿತ್ತು.

ಗಾಜು ಕುಲುಮೆಯಿಂದ ಹೊರಬಂದ ಮೇಲೆ ನಮ್ಮ ವಿಭಾಗಕ್ಕೆ ಬಂತು. ಮೊದಲು ಒರಟು ಪುಡಿಯಿಂದ ಉಜ್ಜಿ ಬಟ್ಟಲಿನಂತೆ ತಗ್ಗು ಮಾಡಿದೆವು. ಆಮೇಲೆ ಸಣ್ಣ ಪುಡಿ, ಅದಕ್ಕಿಂತ ಸಣ್ಣದು, ಕೊನೆಗೆ ರಾಳ ಬಳಿದ ಬಿಲ್ಲೆಯ ಮೇಲೆ ಕೆಂಪು ಹಿಟ್ಟು ಹಚ್ಚಿ ಹೊಳಪು. ಅದೊಂದಕ್ಕೇ ಎರಡು ವರ್ಷ ಹಿಡಿಯಿತು. ನಾನು ಅಳತೆ ನೋಡುತ್ತಿದ್ದೆ, ಗ್ಲಾಫೀರಾ ಉಜ್ಜುವವರ ಮುಂದಾಳು. ಅಂಗೈಯನ್ನು ಒಂದು ಕ್ಷಣ ಇಟ್ಟರೆ ಸಾಕು, ಗಾಜು ಆ ಬಿಸಿಗೆ ಉಬ್ಬುತ್ತದೆ. ಆ ಉಬ್ಬು ಇಳಿಯುವವರೆಗೆ ಎಲ್ಲರೂ ಕೆಲಸ ಬಿಟ್ಟು ಕಾಯಬೇಕು. ಕೋಣೆಯೊಳಗೆ ಹೆಂಗಸರು ತಲೆಗೂದಲು ಕಟ್ಟಿ, ಬಾಯಿಗೆ ಬಟ್ಟೆ ಕಟ್ಟಿ ನಡೆಯುತ್ತಿದ್ದರು. ಸೀನು ಬಂದವಳು ಹೊರಗೆ ಓಡುತ್ತಿದ್ದಳು. ಇದೆಲ್ಲ ನಿನಗೆ ಗೊತ್ತು. ಗೊತ್ತಿದ್ದೂ ಮಾಡಿದೆ ಎಂಬುದಕ್ಕಾಗಿಯೇ ಬರೆಯುತ್ತಿದ್ದೇನೆ.

ಎಪ್ಪತ್ತೊಂದರ ನವೆಂಬರ್‌ನ ಕ್ರಾಂತಿ ಹಬ್ಬದ ಹಿಂದಿನ ಸಂಜೆ. ಹೊಳಪು ಮುಗಿದಿತ್ತು, ಸಮಿತಿಯವರು ಬಂದು ಒಪ್ಪಿಕೊಳ್ಳುವುದೊಂದೇ ಬಾಕಿ. ನಗರದಿಂದ ಬಂದ ಅತಿಥಿಗಳಿಗೆ ಕನ್ನಡಿ ತೋರಿಸುತ್ತೇವೆಂದು ನೀನೂ ನಿರ್ದೇಶಕರೂ ಕೀಲಿ ಇಸಿದುಕೊಂಡು ಹೋದಿರಿ. ನನಗೆ ಜ್ವರ, ಮನೆಯಲ್ಲಿ ಮಲಗಿದ್ದೆ. ನೀನು ಬಂದಾಗ ಕೋಟಿನಿಂದ ಮೀನೆಣ್ಣೆಯ ವಾಸನೆ ಬರುತ್ತಿತ್ತು. ಬೂಟು ಬಿಚ್ಚಲೂ ಇಲ್ಲ, ಹಾಸಿಗೆಯ ತುದಿಯಲ್ಲಿ ಕುಳಿತು ನಕ್ಕೆ.

“ರಿಮ್ಮಾ, ಇವತ್ತು ನಾವು ಎಲ್ಲಿ ಊಟ ಮಾಡಿದ್ವಿ ಹೇಳು ನೋಡೋಣ? ಆಕಾಶದ ಮೇಲೆ ಕಣೆ! ಆಕಾಶದ ಮೇಲೇ ತಟ್ಟೆ ಇಟ್ಕೊಂಡು ಮೀನು ತಿಂದ್ವಿ!”

ನನಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಜ್ವರ ಇಳಿದು ಮೈ ತಣ್ಣಗಾಯಿತು. “ಕನ್ನಡಿ ಮೇಲಾ?” ಎಂದೆ ನಾನು. “ಪೇಪರ್ ಹಾಸಿದ್ವಲ್ಲ ಮಾರಾಯ್ತಿ, ಅಷ್ಟು ಬುದ್ಧಿ ಇಲ್ವಾ ನಮಗೆ? ಅಷ್ಟು ದೊಡ್ಡ ಮೇಜು ಇಡೀ ಕಾರ್ಖಾನೇಲಿ ಇನ್ನೊಂದಿಲ್ಲ” ಎಂದೆ ನೀನು. ಬಿಸಿ ಆಲೂಗಡ್ಡೆಯ ಪಾತ್ರೆಯನ್ನೂ ಅದರ ಮೇಲೇ ಇಟ್ಟಿರಿ ಎಂದು ನೀನೇ ಹೇಳಿದೆ. ನಾನು ಎದ್ದು ಕೋಟು ಹಾಕಿಕೊಂಡು ಕಾರ್ಖಾನೆಗೆ ಹೋದೆ. ಬಾಗಿಲ ಕಾವಲಿನವನು ಬಿಡಲಿಲ್ಲ. ಹಬ್ಬಕ್ಕೆ ಕೋಣೆಗಳಿಗೆಲ್ಲ ಬೀಗಮುದ್ರೆ ಹಾಕಿದ್ದಾರೆ, ರಜೆ ಮುಗಿಯುವ ತನಕ ಯಾರಿಗೂ ಪ್ರವೇಶವಿಲ್ಲ ಎಂದ.

ರಜೆ ಮುಗಿದ ಬೆಳಗ್ಗೆ ಗ್ಲಾಫೀರಾ ಎಲ್ಲರಿಗಿಂತ ಮೊದಲು ಒಳಗೆ ಹೋದವಳು, ನನ್ನನ್ನು ಬಾಗಿಲಲ್ಲೇ ತಡೆದಳು. “ರಿಮ್ಮಾ, ನನಗೆ ತಲೆ ಕೆಟ್ಟಿದೆಯೋ ಏನೋ. ನಮ್ಮ ಕನ್ನಡಿ ಮೀನು ನಾರ್ತಾ ಇದೆ ಕಣೆ” ಎಂದಳು. ಯಾರೋ ಚಿಂದಿಯಿಂದ ಒರೆಸಿದ್ದರು. ಎಣ್ಣೆ ಗಾಜಿನ ಮೇಲೆಲ್ಲ ಸವರಿಕೊಂಡು ಮಳೆಬಿಲ್ಲಿನ ಬಣ್ಣ ತಾಳಿತ್ತು. ಮೀನಿನ ಡಬ್ಬಿ ಇಟ್ಟಿದ್ದ ಕಡೆ ದುಂಡನೆಯ ಗುರುತು. ಸಿಗರೇಟಿನ ಬೂದಿ. ಅಂಚಿನ ಹತ್ತಿರ, ಡಬ್ಬಿಯನ್ನು ಚಾಕುವಿನಿಂದ ಬಿಚ್ಚುವಾಗ ಜಾರಿದ್ದ ಕಡೆ, ಒಂದು ಗೇಣು ಉದ್ದದ ಗೀರು. ಒಂದು ಮೀನಿನ ಮುಳ್ಳು ಇನ್ನೂ ಅಲ್ಲೇ ಅಂಟಿಕೊಂಡಿತ್ತು. ನಾನು ಹೊರಗೆ ಓಡಿ ಹಿಮದ ಮೇಲೆ ವಾಂತಿ ಮಾಡಿದೆ. ಗ್ಲಾಫೀರಾ ನನ್ನ ಹಣೆ ಹಿಡಿದುಕೊಂಡು ನಿಂತಿದ್ದಳು.

ಇಷ್ಟಾದರೂ ಕ್ಷಮಿಸಬಹುದಿತ್ತು, ಇನ್ನೊಕೆಂತಿ. ಕುಡಿದ ಗಂಡಸರು ಇದಕ್ಕಿಂತ ಕೆಟ್ಟದ್ದನ್ನೂ ಮಾಡುತ್ತಾರೆ. ಗೀರು ಕೂಡ ದೊಡ್ಡ ವಿಷಯವಲ್ಲ. ಅಷ್ಟು ಅಗಲದ ಕನ್ನಡಿಯಲ್ಲಿ ಒಂದು ಗೇಣಿನ ಗೀರಿಗೆ, ಬೆಳಕು ಚದುರದಂತೆ, ಕಪ್ಪು ಬಣ್ಣ ಬಳಿದುಬಿಟ್ಟರೆ ಕಡಲಿನಿಂದ ಒಂದು ಚಮಚ ನೀರು ತೆಗೆದಷ್ಟೇ ನಷ್ಟ. ಕೊನೆಗೆ ಮಾಡಿದ್ದೂ ಅದನ್ನೇ. ‘ನಾನು ಮಾಡಿದೆ, ತಪ್ಪಾಯಿತು’ ಎಂದಿದ್ದರೆ ನಿನಗೆ ಒಂದು ಛೀಮಾರಿ ಬೀಳುತ್ತಿತ್ತು, ವಸಂತಕ್ಕೆ ಎಲ್ಲರೂ ಮರೆಯುತ್ತಿದ್ದರು.

ನೀನು ಏನು ಮಾಡಿದೆ? ವಿಚಾರಣೆಯ ದಿನ ಹೊಸ ಟೈ ಕಟ್ಟಿಕೊಂಡು ಬಂದೆ. ಪಕ್ಕದ ಕೋಣೆಯಿಂದ ಗ್ಲಾಫೀರಾಳ ಅಂಗಿಯ ತೋಳಿಗೆ ಉಜ್ಜುವ ಪುಡಿಯ ಒರಟು ಕಣ ಅಂಟಿಕೊಂಡು ಬಂದು ಗೀರು ಬಿದ್ದಿದೆ ಎಂದೆ. ವಾಸನೆಗೆ ಅವಳ ಬುತ್ತಿ ಕಾರಣ ಎಂದೆ. ಮೂವತ್ತು ವರ್ಷ ಗಾಜು ಉಜ್ಜಿದ ಹೆಂಗಸು, ಯುದ್ಧದಲ್ಲಿ ಗಂಡನನ್ನು ಕಳೆದುಕೊಂಡವಳು, ನಿನ್ನ ಮುಖ ನೋಡುತ್ತಾ ನಿಂತಿದ್ದಳು. ನಾನು ಎದ್ದು ನಿಂತು, ನೀನು ಮನೆಯಲ್ಲಿ ಹೇಳಿದ್ದನ್ನು ಮಾತಿಗೆ ಮಾತು ಹೇಳಿದೆ. ನೀನು ನಿರ್ದೇಶಕರ ಕಡೆ ತಿರುಗಿ ನಕ್ಕು, “ನಮ್ಮ ಮನೆಯವಳಿಗೆ ನನ್ನ ಮೇಲೆ ಸಿಟ್ಟು ಬಂದಾಗೆಲ್ಲ ಹೀಗೇ. ಈ ಸಲ ಸಭೆಗೇ ತಂದುಬಿಟ್ಳು ನೋಡಿ” ಎಂದೆ. ಎಲ್ಲರೂ ನಕ್ಕರು. ಮೀನು ತಿಂದವರೇ ಎಲ್ಲರಿಗಿಂತ ಜೋರಾಗಿ ನಕ್ಕರು.

ಗ್ಲಾಫೀರಾಳನ್ನು ಊಟದ ಮನೆಗೆ ಪಾತ್ರೆ ತಿಕ್ಕಲು ಹಾಕಿದರು. ಕಸುಬಿನ ದರ್ಜೆ ಹೋಯಿತು, ಅದಕ್ಕೆ ಸಿಗಬೇಕಿದ್ದ ಪಿಂಚಣಿಯೂ ಹೋಯಿತು. ನಿನಗೆ ಮಾಸ್ಕೋದಲ್ಲಿ ಹುದ್ದೆ ಬಂತು. ನಾನು ಬರುವುದಿಲ್ಲ ಎಂದೆ. ನೀನು ಹೆಚ್ಚು ಒತ್ತಾಯಿಸಲೂ ಇಲ್ಲ.

ಆಮೇಲೆ ಈ ವರ್ಷದ ವಸಂತದಲ್ಲಿ ನಿನ್ನ ಆ ಮೊದಲ ಪತ್ರ ಬಂತು. ವಿದೇಶದ ಹುದ್ದೆಗೆ ಹೆಂಡತಿಯ ಜೊತೆ ನೆಟ್ಟಗೆ ಬಾಳುವ ಗಂಡಸೇ ಬೇಕು, ಉದ್ಘಾಟನೆಯ ದಿನ ಬೆಟ್ಟದ ಮೇಲೆ ನನ್ನ ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೋ, ಗ್ಲಾಫೀರಾಳಿಗೆ ಹಳೆಯ ಕೆಲಸ ಕೊಡಿಸುತ್ತೇನೆ ಎಂದು ಬರೆದಿದ್ದೆ. ಅಂದರೆ ಅಷ್ಟು ದಿನವೂ ಅದು ನಿನ್ನ ಕೈಯಲ್ಲೇ ಇತ್ತು! ಒಂದು ಮಾತಿನಿಂದ ಆಗುವ ಕೆಲಸವನ್ನು, ಬೆಲೆ ಬರಲಿ ಎಂದು ಜೇಬಿನಲ್ಲಿಟ್ಟುಕೊಂಡು ಕುಳಿತಿದ್ದೆ.

ನಾನು ಗ್ಲಾಫೀರಾಳ ಹತ್ತಿರ ಹೋಗಿ, ಅವನ ಪಕ್ಕ ನಿಲ್ಲುವುದಕ್ಕಿಂತ ಸಾಯುವುದು ಮೇಲು ಎಂದು ಹೇಳಿದೆ. ಅವಳು ಎಲೆಕೋಸಿನ ಸಾರಿನ ಹಂಡೆಯೊಳಗೆ ಅರ್ಧ ಮೈ ಇಳಿಸಿ ತಿಕ್ಕುತ್ತಿದ್ದಳು. ಹೊರಗೆ ಬಂದು ನನ್ನನ್ನು ಚೆನ್ನಾಗಿ ಬೈದಳು.

“ಸಾಯ್ತಾಳಂತೆ! ನಿನ್ನ ಸಾವು ಇಟ್ಕೊಂಡು ನಾನೇನು ಉಪ್ಪಿನಕಾಯಿ ಹಾಕ್ಲಾ? ಹೋಗಿ ನಿಂತ್ಕೋ. ಒಂದು ಫೋಟೋ ತಾನೆ? ಮೂಗು ಮುಚ್ಕೊಂಡು ನಿಂತ್ಕೋ. ನೀನು ಗೌರವ ಉಳಿಸ್ಕೊಂಡ್ರೆ ನನ್ನ ಕೈ ಬಿರುಕು ಹೋಗುತ್ತಾ?”

ಬಿಸಿನೀರು, ಪಾತ್ರೆ ತಿಕ್ಕುವ ಸೋಡಾದಲ್ಲಿ ಅವಳ ಕೈ ಒಡೆದು ಹಸಿಮಾಂಸ ಕಾಣುತ್ತಿತ್ತು. ಅವಳ ಕೆಲಸದ ಆದೇಶ ಮೊದಲು, ಫೋಟೋ ಆಮೇಲೆ ಎಂದು ನಿನಗೆ ಬರೆದೆ. ಆದೇಶ ಬಂತು. ಗ್ಲಾಫೀರಾ ತನ್ನ ಉಜ್ಜುವ ಬಿಲ್ಲೆಯ ಮುಂದೆ ವಾಪಸು ಕುಳಿತದ್ದನ್ನು ಕಣ್ಣಾರೆ ನೋಡಿಯೇ ನಾನು ಬೆಟ್ಟ ಹತ್ತಿದೆ.

ಇಲ್ಲಿ ನನಗೆ ಒಂದು ಬೇಸಿಗೆಯಿಡೀ ಕೆಲಸವಿತ್ತು. ದೊಡ್ಡ ತೊಟ್ಟಿಯಲ್ಲಿ ಕನ್ನಡಿಯನ್ನಿಟ್ಟು ಗಾಳಿಯೆಲ್ಲ ಹೀರಿ ತೆಗೆದು ಅಲ್ಯೂಮಿನಿಯಂ ಆವಿ ಹಿಡಿಸಿದೆವು. ತನ್ನ ಭಾರಕ್ಕೆ ತಾನೇ ಬಾಗದಂತೆ ಕೆಳಗಿನಿಂದ ಆಸರೆಗಳನ್ನು ಕೊಟ್ಟು, ಒಂದೊಂದನ್ನೂ ಕೂದಲೆಳೆಯಷ್ಟು ತಿರುಗಿಸಿ ಸರಿಮಾಡಿದೆವು. ಆ ತಿಂಗಳುಗಳಲ್ಲಿ ನಿನ್ನ ನೆನಪು ಬರಲಿಲ್ಲ. ಸುಖವಾಗಿದ್ದೆ.

ಉದ್ಘಾಟನೆಯ ದಿನ ನೀನು ಬಂದೆ. ಮಾತು ಕೊಟ್ಟಂತೆ ನಾನು ನಿನ್ನ ಪಕ್ಕ ನಿಂತೆ. ನೀನು ನನ್ನ ಭುಜದ ಮೇಲೆ ಕೈಯಿಟ್ಟೆ, ಫೋಟೋದವನು “ಇನ್ನೂ ಹತ್ತಿರ, ಇನ್ನೂ ಹತ್ತಿರ” ಎಂದ. ನಿನ್ನ ಸುಗಂಧದ ಎಣ್ಣೆಯ ವಾಸನೆ ಮೂಗಿಗೆ ಹೊಡೆಯಿತು. ಆದರೂ ನಾನು ನಕ್ಕೆ. ಆಮೇಲೆ ಊಟಕ್ಕೂ ನಿನ್ನ ಪಕ್ಕದಲ್ಲೇ ಕುಳಿತೆ. ಉಪಮಂತ್ರಿಗಳು, ಇಬ್ಬರು ಪರದೇಶದ ಖಗೋಳ ವಿಜ್ಞಾನಿಗಳು, ಅವರ ದುಭಾಷಿ, ಎಲ್ಲರಿಗೂ ಕುರಿಮಾಂಸ ಬಡಿಸಿದ್ದರು. ಪರದೇಶದವರಲ್ಲಿ ಒಬ್ಬರು, ಕನ್ನಡಿಯ ಅಂಚಿನ ಆ ಕಪ್ಪು ಗೆರೆ ಏನು ಎಂದು ಕೇಳಿದರು. ಅಷ್ಟೇ ಕೇಳಿದ್ದು. ನೀನು ‘ಒಂದು ಗೀರು’ ಎಂದು ಬಿಡಬಹುದಿತ್ತು.

ಆದರೆ ಮೂರು ಗ್ಲಾಸು ಒಳಗೆ ಹೋಗಿತ್ತು, ಉಪಮಂತ್ರಿಗಳು ನಗುವ ಹುಮ್ಮಸ್ಸಿನಲ್ಲಿದ್ದರು. “ಅದೊಂದು ದೊಡ್ಡ ಕಥೆ!” ಎಂದು ಶುರುಮಾಡಿದೆ. ಡಬ್ಬಿ, ಚಾಕು, ಆಲೂಗಡ್ಡೆ, ಹಾಸಿದ ಪೇಪರ್, ಒಂದೂ ಬಿಡಲಿಲ್ಲ. “ಭೂಮಿ ಮೇಲೆ ಎಲ್ರೂ ಊಟ ಮಾಡ್ತಾರೆ, ಆಕಾಶದ ಮೇಲೆ ಮೀನು ತಿಂದೋನು ನಾನೊಬ್ನೇ!” ಎಂದೆ. ಉಪಮಂತ್ರಿಗಳು ಕಣ್ಣಲ್ಲಿ ನೀರು ಬರುವಂತೆ ನಕ್ಕರು. ಒಬ್ಬ ಹೆಂಗಸಿನ ಅನ್ನ ಉಳಿಸಲು ನಿನ್ನ ಬಾಯಿಂದ ಹೊರಡದಿದ್ದ ಮಾತು, ನಾಲ್ಕು ಜನರ ನಗುವಿಗಾಗಿ ತಾನಾಗಿ ಹೊರಬಂತು.

ನಾನು ಎದ್ದೆ. ಕೂಗಾಡಲಿಲ್ಲ, ಅಳಲಿಲ್ಲ. ನೀನು ಬರೆದಿರುವಂತೆ ‘ರಂಪ’ ಮಾಡಲೂ ಇಲ್ಲ. “ಡಬ್ಬಿ ಬಿಚ್ಚಿದ್ದು ತಾನೇ ಅಂತ ಇವರೇ ಹೇಳಿದ್ರು, ಎಲ್ಲರೂ ಕೇಳಿಸ್ಕೊಂಡ್ರಿ. ಇದೇ ಗೀರಿಗೆ ಗ್ಲಾಫೀರಾ ಮತ್ವೇಯೆವ್ನಾ ಅನ್ನೋ ಹೆಂಗಸನ್ನ ಕೆಲಸದಿಂದ ಇಳಿಸಿ ಎರಡೂವರೆ ವರ್ಷ ಪಾತ್ರೆ ತಿಕ್ಕಿಸಿದ್ರು. ಅವಳದ್ದೇ ತಪ್ಪು ಅಂತ ಬರೆದುಕೊಟ್ಟಿದ್ದೂ ಇವರೇ” ಎಂದು ಹೇಳಿ ಕುಳಿತೆ. ದುಭಾಷಿ ಹುಡುಗಿ ಪಾಪ, ನಿಲ್ಲಿಸಬೇಕೋ ಬೇಡವೋ ತಿಳಿಯದೆ ಎಲ್ಲವನ್ನೂ ಅನುವಾದಿಸಿಬಿಟ್ಟಳು.

ಉಪಮಂತ್ರಿಗಳು ಬಾಯಿ ಒರೆಸಿಕೊಂಡು ನಿನ್ನನ್ನು ಏನು ಕೇಳಿದರು, ನೆನಪಿದೆಯೇ? ಆ ಹೆಂಗಸು ಈಗ ಎಲ್ಲಿದ್ದಾಳೆ ಎಂದು ಕೇಳಲಿಲ್ಲ. “ಪರದೇಶದವರ ಮುಂದೆ ಇದೆಲ್ಲ ಬೇಕಿತ್ತಾ?” ಎಂದರು. ನಿನ್ನ ಹುದ್ದೆ ಹೋದದ್ದು ಗ್ಲಾಫೀರಾಳಿಗೆ ಮಾಡಿದ ಅನ್ಯಾಯಕ್ಕಲ್ಲ, ಪರದೇಶದವರ ಕಿವಿಗೆ ಬಿದ್ದದ್ದಕ್ಕೆ. ಅದಕ್ಕೇ ನನಗೆ ಗೆದ್ದೆನೆಂಬ ಖುಷಿಯಿಲ್ಲ. ಆ ಮೇಜಿನ ಸುತ್ತ ಇದ್ದ ಯಾರ ಮುಖ ನೆನೆದರೂ ವಾಕರಿಕೆ ಬರುತ್ತದೆ. ನಿನ್ನದು ಅದರಲ್ಲಿ ಒಂದು, ಅಷ್ಟೇ.

ಈಗ ನಿನ್ನ ಎರಡು ಸಾಲಿಗೆ ಉತ್ತರ: ಬರೆಯುವುದಿಲ್ಲ.

ಒಂದು ತಿಂಗಳು ಉತ್ತರಿಸದೆ ಇದ್ದದ್ದಕ್ಕೆ ಕಾರಣವಿತ್ತು. ನಾನು ಮೆತ್ತಗಾಗುತ್ತಿದ್ದೇನೆಂದು ನೀನು ತಿಳಿಯಲಿ, ಕೈ ಕಟ್ಟಿಕೊಂಡು ಕಾಯಲಿ ಎಂದೇ ಸುಮ್ಮನಿದ್ದೆ. ಗ್ಲಾಫೀರಾಳಿಗೆ ಈ ತಿಂಗಳು ಐವತ್ತೈದು ತುಂಬಿತು. ಹಳೆಯ ದರ್ಜೆಯ ಮೇಲೆಯೇ ಪಿಂಚಣಿ ನಿಗದಿಯಾಗಿ, ಅದರ ಪುಸ್ತಕ ಅವಳ ಕೈಗೆ ಬಂದಿದೆ. ನಿನ್ನೆ ತಂತಿ ಕಳಿಸಿದ್ದಾಳೆ: ‘ಬಂತು. ಇನ್ನು ಅವನನ್ನು ಬೈಯಬಹುದು.’ ಹಾಗಾಗಿ ನೀನು ಅವಳ ಬಗ್ಗೆ ಮತ್ತೊಮ್ಮೆ ಯೋಚಿಸುವ ಕಷ್ಟ ತೆಗೆದುಕೊಳ್ಳಬೇಡ.

ನಾನು ಕಾರ್ಖಾನೆಗೆ ವಾಪಸು ಹೋಗುವುದಿಲ್ಲ. ಇಲ್ಲೇ ಕನ್ನಡಿ ನೋಡಿಕೊಳ್ಳುವ ಕೆಲಸ ಕೊಟ್ಟಿದ್ದಾರೆ. ಧೂಳು, ಪತಂಗದ ಪುಡಿ, ಹನಿಗಟ್ಟಿದ ಮಂಜು. ತೊಳೆಯುವುದು ಸದಾ ಇದ್ದೇ ಇದೆ. ವಿಚ್ಛೇದನದ ಅರ್ಜಿಗೆ ನನ್ನ ಸಹಿಯಾಗಿದೆ, ನಿನ್ನ ಸಹಿ ಬೇಕು. ಇದರ ಜೊತೆಗಿದೆ. ದಯವಿಟ್ಟು ಊಟ ಮಾಡುತ್ತಾ ಸಹಿ ಮಾಡಬೇಡ, ಕಾಗದಕ್ಕೆ ಎಣ್ಣೆ ಹತ್ತಿದರೆ ಕಚೇರಿಯವರು ತೆಗೆದುಕೊಳ್ಳುವುದಿಲ್ಲ.

ರಿಮ್ಮಾ ಅರ್ಕಾದ್ಯೆವ್ನಾ

ಬರೆಯಲು ಬಿಟ್ಟುಹೋದದ್ದು: ನಿನ್ನ ಹಸಿರು ಉಣ್ಣೆಯ ಸ್ವೆಟರ್ ಕಳಿಸು ಎಂದು ಎರಡು ಸಲ ಕೇಳಿದ್ದೀಯೆ. ಹುಳು ತಿಂದಿದ್ದರಿಂದ ಎಸೆದೆನೆಂದು ಬರೆದಿದ್ದೆ, ಅದು ಸುಳ್ಳು. ಬೆಟ್ಟದ ಮೇಲೆ ಬಹಳ ಚಳಿ, ಈಗ ಅದನ್ನೇ ಹಾಕಿಕೊಂಡು ಕುಳಿತಿದ್ದೇನೆ. ಮೂರು ಸಲ ತೊಳೆದೆ, ನಿನ್ನ ವಾಸನೆ ಹೋಗಲಿಲ್ಲ. ನಾಲ್ಕನೆಯ ಸಲ ತೊಳೆಯಲಿಲ್ಲ.