ಸುಮ್ಮನಿದ್ದ ನಾಲ್ಕು ನಿಮಿಷ

ಗದಗ, ಫೆಬ್ರವರಿ ೩೦, ೨೧೮೪

ಇಂಟರ್‌ವ್ಯೂಗೆ ತಯಾರಾಗುತ್ತಿರುವ ಹಿಂದಿನವರೇ,

ಈ ತಾರೀಖು ನಿಮ್ಮ ಕ್ಯಾಲೆಂಡರಿನಲ್ಲಿ ಇಲ್ಲವೆಂದು ಬಲ್ಲೆ. ನಾವು ತಿಂಗಳುಗಳನ್ನೆಲ್ಲ ಒಂದೇ ಅಳತೆಗೆ ತಂದು ಬಹಳ ಕಾಲವಾಯಿತು. ನನ್ನ ಕನ್ನಡ ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮ ಕನ್ನಡವನ್ನು ನಾನು ಹಳೆಯ ಕಡತಗಳಿಂದ ಕಲಿತವಳು.

ನೀವು ಬರೆದ ಪ್ರೋಗ್ರಾಮುಗಳು ಇನ್ನೂ ಓಡುತ್ತಿವೆ ಎಂದರೆ ನಂಬುತ್ತೀರಾ? ನಮ್ಮೂರಿಗೆ ನೀರು ಬಿಡುವ ಯಂತ್ರಕ್ಕೆ ಅವೇ ಗತಿ. ಅವನ್ನು ಕಿತ್ತುಹಾಕಿ ಹೊಸದು ಬರೆಯುವ ಧೈರ್ಯ ಯಾರಿಗೂ ಇಲ್ಲ. ಹಾಗಾಗಿ ಓದಿ ರಿಪೇರಿ ಮಾಡುವವರನ್ನು ಇಟ್ಟುಕೊಂಡಿದ್ದೇವೆ. ಅವರಿಗೆ ಮೂಲಪಾಠಿ ಎನ್ನುತ್ತೇವೆ. ಆ ಕೆಲಸದ ಇಂಟರ್‌ವ್ಯೂ ಕೂಡ ನಿಮ್ಮದೇ ಪದ್ಧತಿ: ಗೋಡೆಯ ಮುಂದೆ ನಿಂತು ಲೆಕ್ಕ ಬಿಡಿಸಬೇಕು, ಬಿಡಿಸುತ್ತಾ ತಲೆಯೊಳಗಿನದನ್ನೆಲ್ಲ ಬಾಯಿಬಿಟ್ಟು ಹೇಳಬೇಕು. ಎಷ್ಟೋ ಒಳ್ಳೆಯದು ಕಳೆದುಹೋಯಿತು, ಇದೊಂದು ಉಳಿದುಕೊಂಡಿತು ನೋಡಿ.

ನನ್ನ ಗಂಡ ಗುರುಸಂಗನಿಗೆ ಐವತ್ತೊಂದು ವರ್ಷ. ಎರಡು ಸಲ ಫೇಲಾಗಿದ್ದ. ಉತ್ತರ ಸರಿಯಿತ್ತು, ಯೋಚಿಸುವಾಗ ಮಾತು ನಿಲ್ಲುತ್ತದೆ ಎಂಬುದೇ ದೂರು. ಮೂರನೆಯದು ಕೊನೆಯ ಅವಕಾಶ. ಅದಕ್ಕೇ ದಿನಾ ತಿಂಡಿಯಾದ ಮೇಲೆ ನಮ್ಮ ಅಡುಗೆಮನೆಯ ಮರೆಗೋಡೆಯ ಮುಂದೆ ಅಭ್ಯಾಸ. ಬರೆದದ್ದನ್ನು ಒಂದು ತಾಸಿನಲ್ಲಿ ತಾನೇ ಅಳಿಸಿಕೊಳ್ಳುವ ಗೋಡೆಯದು. ನಾನೇ ಪರೀಕ್ಷಕಿ. "ಏನರ ಕೇಳ, ನಡಬರಕ ಮಾತ್ರ ಬಾಯಿ ಹಾಕಬ್ಯಾಡ. ನಾ ಎಷ್ಟ್ ನಿಮಿಷ ಸುಮ್ಮನಿದ್ದೆ, ಅದನ್ನ ಬರದಿಡು" ಎಂದು ನನ್ನಿಂದ ಮಾತು ತೆಗೆದುಕೊಂಡಿದ್ದ.

ಒಂದು ಮಂಗಳವಾರ, ಕೊಂಡಿಗಳ ಸರಪಳಿಯೊಂದು ತನ್ನೊಳಗೇ ಸುತ್ತುತ್ತಿದೆಯೇ ಎಂದು ಕಂಡುಹಿಡಿಯುವ ಲೆಕ್ಕ ಕೊಟ್ಟೆ. ನಿಮಗೂ ಇದು ಬಾಯಿಪಾಠವಾಗಿರಬೇಕು. ಅವನು ಖುಷಿಯಲ್ಲಿದ್ದ. ಒಂದು ಬೆರಳನ್ನು ಒಂದೊಂದೇ ಕೊಂಡಿ, ಇನ್ನೊಂದನ್ನು ಎರಡೆರಡು ಕೊಂಡಿ ಸರಿಸುತ್ತಾ, "ಎರಡೂ ಕೂಡಿದ್ವು ಅಂದ್ರ..." ಎಂದು ನಿಲ್ಲಿಸಿದ. ಬೆನ್ನು ನನ್ನ ಕಡೆಗಿತ್ತು. ಮತ್ತೆ ಅದೇ ಚಾಳಿ ಎಂದು ನನಗೆ ರೇಗಿತು. ಗಡಿಯಾರ ನೋಡಿ ಬರೆದೆ: ಮೌನ, ಒಂದು ನಿಮಿಷ. ಎರಡು. ಕರೆಯಬೇಕೆನಿಸಿತು, ಮಾತು ಕೊಟ್ಟಿದ್ದೆನಲ್ಲ, ಸುಮ್ಮನಾದೆ. ಮೂರು. ನಾಲ್ಕು ಎಂದು ಬರೆಯುವಾಗ ಅವನು ಗೋಡೆಗೆ ಒರಗಿಕೊಂಡೇ ಕೆಳಗೆ ಜಾರಿದ.

ಮೆದುಳಿನಲ್ಲಿ ರಕ್ತ ಹೆಪ್ಪುಗಟ್ಟಿತ್ತು. ನಾಲ್ಕು ನಿಮಿಷದಿಂದ ಹೆಚ್ಚೇನೂ ವ್ಯತ್ಯಾಸವಾಗುತ್ತಿರಲಿಲ್ಲ ಬಿಡಿ ಎಂದರು ಡಾಕ್ಟರು. ಇರಬಹುದು. ಆಸ್ಪತ್ರೆಯಿಂದ ಬಂದು ನೋಡಿದರೆ ಅವನು ಬರೆದದ್ದೆಲ್ಲ ಅಳಿಸಿಹೋಗಿತ್ತು, ನಾನು ಬರೆದದ್ದು ಮಾತ್ರ ಹಾಳೆಯ ಮೇಲೆ ಹಾಗೇ ಇತ್ತು. ಅವನು ಸಹಾಯಕ್ಕೆ ಕಾಯುತ್ತಿದ್ದಾಗ ನಾನು ಅಂಕ ಕಳೆಯುತ್ತಿದ್ದೆ. ಇದನ್ನು ನೆನೆದು ಅಳದ ದಿನವಿಲ್ಲ.

ಗುರುಸಂಗ ಬದುಕಿದ್ದಾನೆ. ಮಾತು ಹೋಗಿದೆ, ಬಲಗೈ ಏಳುವುದಿಲ್ಲ. ಅವನ ಇಂಟರ್‌ವ್ಯೂ ತಾರೀಖು ಬಂದು ಹೋಯಿತು. ಮನೆ ನಡೆಯಬೇಕಲ್ಲ, ಕೇಳಿ ಕೇಳಿ ನನಗೂ ವಿದ್ಯೆ ಬಂದಿದೆ. ಮುಂದಿನ ವಾರ ಅದೇ ಕೆಲಸಕ್ಕೆ ನಾನು ಹೋಗುತ್ತಿದ್ದೇನೆ.

ನಿಮ್ಮಲ್ಲಿ ಒಂದೇ ಬೇಡಿಕೆ. ಗೆಳೆಯನನ್ನೋ ಹೆಂಡತಿಯನ್ನೋ ಎದುರು ಕೂರಿಸಿಕೊಂಡು ಅಭ್ಯಾಸ ಮಾಡುವಾಗ ನೂರು ನಿಯಮ ಮಾಡಿಕೊಳ್ಳಿ. ಮಾತು ನಿಂತರೆ ಎದ್ದು ಬಂದು ಮುಖ ನೋಡಬಾರದೆಂಬ ನಿಯಮ ಮಾತ್ರ ಬೇಡ. ಈಗ ಗೋಡೆಯ ಮುಂದೆ ನಿಲ್ಲುವವಳು ನಾನು, ಕುರ್ಚಿಯಲ್ಲಿ ಅವನು. ಯೋಚಿಸಲೆಂದು ಅರೆಗಳಿಗೆ ನಾನು ಸುಮ್ಮನಾದರೆ ಸಾಕು, ಎಡಗೈಯಿಂದ ಮೇಜು ಬಡಿಯತೊಡಗುತ್ತಾನೆ. ನಾನು ತಿರುಗಿ ನೋಡುವವರೆಗೂ ಬಿಡುವುದಿಲ್ಲ.

ನಿಮ್ಮ ಮುಂದಿನವಳು,
ನೀಲಾಂಬಿಕೆ