ದೋಟಿ ಗರಗಸ

ಮನೆ, ಹಿತ್ತಲ ಮೆಟ್ಟಿಲು
ಹನ್ನೆರಡನೇ ತಾರೀಖು, ಮಂಗಳವಾರ ಬೆಳಿಗ್ಗೆ

ಪ್ರೀತಿಯ ತಮ್ಮಾ,

ಕಾಲು ಹೇಗಿದೆ? ಊತ ಇಳಿಯಿತೇ? ವ್ಯಾಯಾಮ ಮಾಡಿಸುವ ಆ ಗಟ್ಟಿ ಹೆಂಗಸು ಈಗಲೂ ಒಂದು ಎರಡು ಎಣಿಸುತ್ತಾ ನಿನ್ನನ್ನು ನಡೆಸುತ್ತಾಳೋ, ಇಲ್ಲ ಒಬ್ಬನೇ ಕಾರಿಡಾರಿನ ತುದಿಯವರೆಗೆ ಹೋಗಿ ಬರುತ್ತೀಯೋ? ಊಟ ಸೇರುತ್ತಿದೆಯೇ? ಪಕ್ಕದ ಮಂಚದ ಗೊರಕೆಯವರಿಗೆ ಬೇರೆ ವಾರ್ಡು ಸಿಕ್ಕಿತೇ? ಇದನ್ನೆಲ್ಲ ಫೋನಿನಲ್ಲೇ ಕೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು ‘ಹೂಂ’, ‘ಇಡ್ಲಾ ಅಕ್ಕ’ ಎಂಬ ಎರಡು ಮಾತಿನಾಚೆ ಹೋಗುವುದಿಲ್ಲ. ಕಾಗದವನ್ನು ಅರ್ಧಕ್ಕೆ ಇಟ್ಟುಬಿಡುವುದು ಅಷ್ಟು ಸುಲಭವಲ್ಲ ಎಂಬ ಧೈರ್ಯದ ಮೇಲೆ ಬರೆಯುತ್ತಿದ್ದೇನೆ. ನಾನು ಚೆನ್ನಾಗಿದ್ದೇನೆ. ಭುಜ ಎರಡೂ ನೋಯುತ್ತಿವೆ, ಅದರ ಕಾರಣ ಮುಂದೆ ಬರುತ್ತದೆ.

ನೀನು ಹೋದ ತಿಂಗಳು ಕಳಿಸಿದ ನಾಲ್ಕು ಸಾಲಿನ ಚೀಟಿ ನನ್ನ ಮೇಜಿನ ಮೇಲೇ ಇದೆ. ‘ಮರ ಹತ್ತುವ ಹಗ್ಗ, ಸೊಂಟದ ಪಟ್ಟಿ ಯಾರಿಗಾದರೂ ಕೊಟ್ಟುಬಿಡು. ಶಾಲೆಯ ಮರಗಳಿಗೆ ಬೇರೆಯವರನ್ನು ನೋಡಿಕೊಳ್ಳಲು ಹೆಡ್‌ಮಿಸ್ಸಿಗೆ ಹೇಳು. ಇಲ್ಲಿ ಆಸ್ಪತ್ರೆಯ ಗೇಟಿನಲ್ಲಿ ಕೂರುವ ಕೆಲಸ ಕೊಡುತ್ತಾರಂತೆ, ಒಪ್ಪಿಕೊಳ್ಳುತ್ತೇನೆ. ಮನೆಗೆ ಬಂದು ಮಾಡುವುದೇನಿದೆ.’ ಇಷ್ಟು ವರ್ಷ ಇಷ್ಟೊಂದು ಪದ್ಯ ಓದಿದ್ದೇನೆ, ಒಬ್ಬ ಮನುಷ್ಯ ನಾಲ್ಕೇ ಸಾಲಿನಲ್ಲಿ ತನ್ನನ್ನು ಇಷ್ಟು ಪೂರ್ತಿಯಾಗಿ ಅಳಿಸಿಹಾಕಿದ್ದನ್ನು ಎಲ್ಲೂ ಓದಿರಲಿಲ್ಲ. ಇಪ್ಪತ್ತೇಳು ವರ್ಷ ಮರದ ಮೇಲೆ ಬದುಕಿದವನು, ಬೀದಿಯವರೆಲ್ಲ ಅಳಿಲು ಎಂದು ಕರೆಯುವವನು, ಬಚ್ಚಲುಮನೆಯ ಒಂದೇ ಒಂದು ಮೆಟ್ಟಿಲಿನಲ್ಲಿ ಜಾರಿ ಕಣಕಾಲನ್ನು ಎರಡು ಕಡೆ ಮುರಿದುಕೊಂಡೆ. ‘ಅಳಿಲಿಗೆ ನೆಲ ಆಗಿಬರ್ಲಿಲ್ಲ ನೋಡಿ’ ಎಂದು ಪಕ್ಕದ ಮನೆಯ ಟೈಲರಮ್ಮ ಇನ್ನೂ ಹೇಳುತ್ತಿರುತ್ತಾರೆ, ಹೇಳಿದ ಮೇಲೆ ಕಣ್ಣೊರೆಸಿಕೊಳ್ಳುತ್ತಾರೆ. ಆ ಕೀಲು ಇನ್ನು ಬಾಗುವುದಿಲ್ಲ, ಮರ ಹತ್ತುವಂತಿಲ್ಲ ಎಂದರು ಡಾಕ್ಟರು. ಮರದ ಕೆಲಸವನ್ನೇ ಮಾಡುವಂತಿಲ್ಲ ಎಂದು ಅವರು ಹೇಳಿದ್ದು ನನಗಂತೂ ಕೇಳಿಸಿಲ್ಲ. ನಿನಗೆ ಯಾಕೆ ಹಾಗೆ ಕೇಳಿಸಿತೋ.

ನಿನ್ನ ಚೀಟಿಯನ್ನು ಹಿಡಿದು ಹೆಡ್‌ಮಿಸ್ಸಿನ ಕೋಣೆಗೆ ಹೋದದ್ದು ನಿಜ. ನೀನು ಹೇಳಿಕಳಿಸಿದ್ದನ್ನು ಹೇಳಿ ಬರೋಣವೆಂದೇ ಹೊರಟಿದ್ದೆ. ಅವರು ಆಗಲೇ ಒಬ್ಬ ಗುತ್ತಿಗೆದಾರನನ್ನು ಮಾತಾಡಿಸಿಯಾಗಿತ್ತು. ಅವನು ಅಂಗಳದ ಏಳು ಬಾದಾಮಿ ಮರಗಳನ್ನೂ ಎರಡಾಳೆತ್ತರಕ್ಕೆ ಸಮನಾಗಿ ತುಂಡರಿಸುತ್ತೇನೆ, ಒಂದೇ ದಿನದ ಕೆಲಸ, ಆಮೇಲೆ ನಾಲ್ಕು ವರ್ಷ ತಲೆನೋವಿಲ್ಲ ಎಂದಿದ್ದನಂತೆ. ಹದಿನೆಂಟು ವರ್ಷದಿಂದ ನೀನು ಒಂದೊಂದೇ ಅಂತಸ್ತು ಬಿಡಿಸಿ ಛತ್ರಿಯ ಹಾಗೆ ಬೆಳೆಸಿದ ಮರಗಳವು. ಕಿಟಕಿಯಿಂದ ನೋಡಿದೆ. ಅವುಗಳ ಬೋಳು ಕಾಂಡ ಹೇಗೆ ಕಾಣಬಹುದು ಎಂದು ಊಹಿಸಲು ಹೋದೆ, ಆಗಲಿಲ್ಲ. ಬೇಡ ಮೇಡಂ, ನಾವೇ ಮಾಡುತ್ತೇವೆ ಎಂದುಬಿಟ್ಟೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

‘ನಿಮ್ಮ ತಮ್ಮ ಇದ್ದಿದ್ರೆ ನಾನು ಬಾಯೇ ತೆಗೀತಿರ್ಲಿಲ್ಲ. ಮಕ್ಕಳ ತಲೆ ಮೇಲೆ ಕೊಂಬೆ ಬಿದ್ರೆ ಯಾರಮ್ಮ ಹೊಣೆ?’

‘ನಾನು’ ಎಂದೆ. ಹೇಳಿದ ಮೇಲೆ ನನ್ನ ದನಿ ನನಗೇ ಬೇರೆ ಯಾರದೋ ಹಾಗೆ ಕೇಳಿಸಿತು. ರಜೆ ಮುಗಿದು ಶಾಲೆ ತೆರೆಯುವವರೆಗೆ ಸಮಯ ಕೊಟ್ಟರು. ಅಷ್ಟರೊಳಗೆ ಆಗದಿದ್ದರೆ ಗುತ್ತಿಗೆದಾರ ಬರುತ್ತಾನೆ. ಅವನು ಒಮ್ಮೆ ಬಂದನೆಂದರೆ ಆ ಅಂಗಳದಲ್ಲಿ ನಿನಗೆ ಮಾಡಲು ಏನೂ ಉಳಿಯುವುದಿಲ್ಲ. ನೀನು ಗೇಟಿನಲ್ಲಿ ಕೂತುಬಿಡುತ್ತೀ, ನಾನು ಇಲ್ಲಿ ಒಬ್ಬಳೇ ನಿನ್ನ ಹಗ್ಗದ ಧೂಳು ಹೊಡೆಯುತ್ತಿರುತ್ತೇನೆ. ಅದು ಆಗಕೂಡದು ಎಂದು ಅಂದೇ ನಿಶ್ಚಯಿಸಿದೆ.

ನಾನು ಮರ ಹತ್ತುವವಳಲ್ಲ, ಕುರ್ಚಿ ಹತ್ತಿದರೂ ತಲೆ ತಿರುಗುತ್ತದೆ. ಉಳಿದದ್ದು ಒಂದೇ ದಾರಿ, ನೀನು ಮೂಗು ಮುರಿಯುವ ಆ ಉದ್ದ ಕೋಲಿನ ಗರಗಸ. ಅಂಗಡಿಯವರು ಅದಕ್ಕೆ ಪೋಲ್ ಸಾ ಅನ್ನುತ್ತಾರೆ. ‘ಅದು ಗರಗಸ ಅಲ್ಲಕ್ಕ, ಹಲ್ಲು ಬಂದಿರೋ ದೋಟಿ. ಹಣ್ಣು ಕೀಳೋರಿಗೆ ಸರಿ’ ಎಂದು ಹಿಂದೊಮ್ಮೆ ನೀನು ಅಂದದ್ದು ನೆನಪಿತ್ತು. ನಾನು ಆ ಹೆಸರನ್ನೇ ಉಳಿಸಿಕೊಂಡೆ. ದೋಟಿ ಗರಗಸ, ಕೇಳಲು ಚೆನ್ನಾಗಿಯೇ ಇದೆ. ಅಂಗಡಿಯವರು ಮೂರು ತೋರಿಸಿದರು, ಒಂದು ಪೆಟ್ರೋಲಿನದು, ಒಂದು ಬ್ಯಾಟರಿಯದು, ಒಂದು ಬರಿಗೈಯಲ್ಲಿ ಎಳೆಯುವುದು. ಮೊದಲನೆಯದನ್ನು ಹೊಗಳಿ ಹೊಗಳಿ ಅವರ ಬಾಯಿ ಒಣಗಿತು. ನಾನು ಮೂರನ್ನೂ ಅಂಗಡಿಯ ಹಿಂದಿನ ಓಣಿಗೆ ತರಿಸಿ, ಕೋಲನ್ನು ಪೂರ್ತಿ ಉದ್ದ ಮಾಡಿಸಿ, ಎತ್ತಿ ಹಿಡಿದು ನಿಂತೆ. ತುಟಿಯಲ್ಲೇ ಒಂದು ಪದ್ಯ ಹೇಳಿಕೊಂಡು ಅದು ಮುಗಿಯುವ ತನಕ ತುದಿ ಅಲುಗಬಾರದು ಎಂಬುದು ನಾನು ಹಾಕಿಕೊಂಡ ಪರೀಕ್ಷೆ. ಪೆಟ್ರೋಲಿನದು ಎರಡನೆಯ ಸಾಲಿಗೇ ತಲೆ ಬಾಗಿಸಿತು, ಭಾರವೆಲ್ಲ ತುದಿಯಲ್ಲಿ. ಬ್ಯಾಟರಿಯದು ಅರ್ಧ ಪದ್ಯಕ್ಕೆ ನಡುಗಿತು. ಕೈಗರಗಸದ್ದು ಕೊನೆಯ ಸಾಲಿನವರೆಗೂ ನಿಂತಿತು. ಏನು ಗೊಣಗುತ್ತಿದ್ದೀರಿ ಎಂದು ಅಂಗಡಿಯವರು ಕೇಳಿದರು, ಲೆಕ್ಕ ಎಂದೆ.

ಅದರಲ್ಲೂ ಅಲ್ಯೂಮಿನಿಯಂ ಕೋಲು ಬೇಡವೆಂದೆ. ಹಗುರ ನಿಜ, ಆದರೆ ಕರೆಂಟು ತಂತಿ ತಗುಲಿದರೆ ಕೈಗೇ ಬರುತ್ತದೆ. ಫೈಬರ್ ಕೋಲಿನದನ್ನು ತಂದೆ, ಹಾಗೆಂದು ಅದನ್ನು ನಂಬಿ ತಂತಿಯ ಹತ್ತಿರ ಹೋಗಿಲ್ಲ. ತಂತಿಯ ಕಡೆಯ ಕೊಂಬೆಗಳನ್ನು ವಿದ್ಯುತ್ ಕಚೇರಿಯವರೇ ಬಂದು ಕತ್ತರಿಸಿಕೊಟ್ಟರು, ಅವರ ಬಾಗಿಲಿಗೆ ನಾಲ್ಕು ದಿನ ಹೋಗಿ ನಿಂತದ್ದರಿಂದ. ಅಲಗು ಸ್ವಲ್ಪ ಬಾಗಿದೆ, ಹಲ್ಲುಗಳು ತನ್ನ ಕಡೆಗೆ ಎಳೆದಾಗ ಮಾತ್ರ ಕೊಯ್ಯುತ್ತವೆ. ತಳ್ಳುವಾಗ ಸುಮ್ಮನೆ ಜಾರಿಸಬೇಕು. ಇದು ಗೊತ್ತಾಗಲು ನನಗೆ ಒಂದು ಬೆಳಗು ಬೇಕಾಯಿತು. ತಳ್ಳಿ ತಳ್ಳಿ ಭುಜ ಕಳೆದುಕೊಂಡೆ, ಕೊಂಬೆಗೆ ಗೀರೂ ಬೀಳಲಿಲ್ಲ.

ಈಗ ತಪ್ಪೊಪ್ಪಿಗೆ. ಮೊದಲು ನಮ್ಮ ಹಿತ್ತಲ ಮಾವಿನ ಮೇಲೆ ಕೈ ಪಳಗಿಸಿಕೊಂಡೆ. ಹೆಲ್ಮೆಟ್ಟು, ಕಣ್ಣಿಗೆ ಅಗಲವಾದ ಕನ್ನಡಕ, ಎಲ್ಲವೂ ಇತ್ತು, ಬುದ್ಧಿಯೊಂದು ಇರಲಿಲ್ಲ. ತೋಳಿನ ದಪ್ಪದ ಒಂದು ಕೊಂಬೆಯನ್ನು ಕಾಂಡದ ಪಕ್ಕದಲ್ಲೇ, ಮೇಲಿನಿಂದ, ಒಂದೇ ಸಮ ಕೊಯ್ಯುತ್ತಾ ಹೋದೆ. ಅಲಗು ಎಷ್ಟು ಸಲೀಸಾಗಿ ಇಳಿಯಿತೆಂದರೆ ನಿನಗೆ ಈ ಕೆಲಸಕ್ಕೆ ಅಷ್ಟು ಹಗ್ಗ ಯಾಕೆ ಬೇಕಿತ್ತೋ ಎಂದುಕೊಂಡೆ. ಮುಕ್ಕಾಲು ಭಾಗ ಕೊಯ್ದಿದ್ದೆ, ಕೊಂಬೆ ಲಟ್ಟೆಂದು ತಾನೇ ಬಾಗಿ, ಬೀಳುವಾಗ ಕಾಂಡದ ತೊಗಟೆಯನ್ನು ಒಂದು ಮೊಳದಷ್ಟು ಸುಲಿದುಕೊಂಡೇ ಬಿತ್ತು. ನಾನು ಓರೆಯಾಗಿ ನಿಂತಿದ್ದೆ, ಏನೂ ಆಗಲಿಲ್ಲ. ಬೇಲಿಯ ಮೇಲಿನಿಂದ ನೋಡುತ್ತಿದ್ದ ಟೈಲರಮ್ಮ ಬಾಯಲ್ಲಿದ್ದ ಗುಂಡುಪಿನ್ನು ತೆಗೆದು, ‘ಹೊಲಿಗೆ ಬಿಚ್ಚಿ ಅಂದ್ರೆ ಬಟ್ಟೆನೇ ಹರಿದ್ರಲ್ಲ’ ಅಂದರು. ಸುಲಿದ ಜಾಗ ಹಸಿ ಹಸಿಯಾಗಿ, ನೋಡಲು ಆಗದ ಹಾಗಿತ್ತು. ‘ಮೊದ್ಲು ಭಾರ ಇಳ್ಸು, ಆಮೇಲೆ ಕೊರಳು ಮುಟ್ಟು’ ಎಂದು ನೀನು ಕೆಲಸಕ್ಕೆ ಬರುತ್ತಿದ್ದವರಿಗೆ ಹೇಳುತ್ತಿದ್ದುದು ಆಗ ನೆನಪಾಯಿತು. ಕಾಫಿ ತಂದುಕೊಡುವಾಗ ಎಷ್ಟು ಸಲ ಕೇಳಿಸಿಕೊಂಡಿದ್ದೆ. ನನಗೆ ಹೇಳಿದ್ದಲ್ಲ ಎಂದು ಒಳಗೆ ಬಿಟ್ಟುಕೊಂಡಿರಲಿಲ್ಲ.

ಮರುದಿನದಿಂದ ಹಾಗೇ ಮಾಡಿದೆ. ತುದಿಯಿಂದ ತುಂಡು ತುಂಡಾಗಿ ಭಾರ ಇಳಿಸಿಕೊಂಡು ಬಂದೆ. ಉಳಿದ ಮೋಟಿಗೆ ಮೊದಲು ಕೆಳಗಿನಿಂದ ಒಂದು ಗೀರು, ಆಮೇಲೆ ಅದಕ್ಕಿಂತ ಒಂದು ಗೇಣು ಆಚೆ ಮೇಲಿನಿಂದ ಪೂರ್ತಿ ಕೊಯ್ತ, ಕೊನೆಗೆ ಕಾಂಡಕ್ಕೆ ಸೇರುವ ಕಡೆಯ ಆ ಉಬ್ಬಿದ ಉಂಗುರ, ನೀನು ಕೊರಳು ಎನ್ನುವುದು, ಅದನ್ನು ನೋಯಿಸದೆ ಅದರ ಹೊರಗೆ ಇನ್ನೊಂದು ಕೊಯ್ತ. ಕೆಳಗಿನಿಂದ ಗೀರು ಹಾಕುವುದೇ ಪ್ರಾಣಸಂಕಟ. ಗರಗಸವನ್ನು ತಿರುವಿ ಹಿಡಿದು ಮೇಲಕ್ಕೊತ್ತಿ ಎಳೆಯುವಾಗ ಪುಡಿಯೆಲ್ಲ ಕತ್ತಿನೊಳಗೆ ಇಳಿಯುತ್ತದೆ. ಅದೂ ಅಭ್ಯಾಸವಾಯಿತು. ಆದರೆ ಅಭ್ಯಾಸವಾಗದ ಒಂದಿದೆ, ಅದನ್ನು ಹೇಳಲೆಂದೇ ಇಷ್ಟುದ್ದ ಬರೆಯುತ್ತಿದ್ದೇನೆ.

ಕೋಲಿನ ಬುಡದಲ್ಲಿ ನಿಂತವರಿಗೆ ಮರ ಕಾಣುವುದಿಲ್ಲ. ಕೊಂಬೆಯ ಹೊಟ್ಟೆ ಕಾಣುತ್ತದೆ, ಬೀಳುವ ಪುಡಿ ಕಾಣುತ್ತದೆ, ಅಷ್ಟೇ. ಅಲಗು ನೇರವಾಗಿ ಕೂತಿದೆಯೇ, ಕೊಂಬೆ ಯಾವ ಕಡೆಗೆ ವಾಲುತ್ತದೆ, ಬೀಳುವಾಗ ಏನನ್ನು ತಗಲಿಸಿಕೊಳ್ಳುತ್ತದೆ, ಒಂದೂ ತಿಳಿಯುವುದಿಲ್ಲ. ದೂರದಲ್ಲಿ ಒಬ್ಬರು ನಿಂತು ನೋಡಿ ಹೇಳಬೇಕು. ಟೈಲರಮ್ಮನನ್ನು ನಿಲ್ಲಿಸಿ ನೋಡಿದೆ. ‘ಎಡಕ್ಕೆ ಅರ್ಧ ಇಂಚು, ಈಗ ಮೇಲೆ ಕಾಲಿಂಚು’ ಎಂದು ಅವರು ಅಳತೆ ಹೇಳಿದ್ದೆಲ್ಲ ಕರಾರುವಾಕ್ಕು; ಕೊಂಬೆ ಮಾತ್ರ ಅವರ ಒಣಗುಹಾಕಿದ ಬಟ್ಟೆಯ ಹಗ್ಗದ ಮೇಲೆಯೇ ಬಿತ್ತು. ಅವರು ಅಳೆದು ಹೊಲಿಯುವ ಬಟ್ಟೆಗೆ ವಾಲುವ ಭಾರವಿಲ್ಲವಲ್ಲ, ಅವರ ತಪ್ಪಲ್ಲ. ಅಂದಿನಿಂದ ನನಗೆ ನಾನೇ ನೋಡುವವಳು. ನಾಲ್ಕು ಎಳೆತ ಎಳೆಯುವುದು, ಕೋಲು ಕೆಳಗಿಡುವುದು, ಇಪ್ಪತ್ತು ಹೆಜ್ಜೆ ಹಿಂದೆ ಹೋಗಿ ನೋಡುವುದು, ವಾಪಸ್ಸು ಬರುವುದು. ಕೆಲಸಕ್ಕೆಂದು ಹೋಗಿ ನನ್ನ ಲೈಬ್ರರಿ ತೆರೆಯುವ ಮೊದಲು ದಿನಾ ಬೆಳಿಗ್ಗೆ ಮೂರು ಗಂಟೆ ಹೊತ್ತು ಹೀಗೆ ಓಡಾಡಿ ಶಾಲೆಯ ಏಳು ಮರಗಳ ಕೆಲಸ ಬಹುತೇಕ ಮುಗಿಸಿದ್ದೇನೆ. ಯಾವ ಮರಕ್ಕೂ ತೊಗಟೆ ಸುಲಿದಿಲ್ಲ. ಹೆಡ್‌ಮಿಸ್ಸು ನಿನ್ನೆ ಬಂದು ತಲೆಯೆತ್ತಿ ನೋಡಿ ನನಗೆ ಒಂದು ಲೋಟ ನೀರು ತರಿಸಿಕೊಟ್ಟರು.

ನೀನು ಕೆಲಸ ಶುರುಮಾಡುವ ಮೊದಲು ಕಾಫಿ ಲೋಟ ಹಿಡಿದು ಮರದ ಸುತ್ತ ಎರಡು ಸುತ್ತು ಹಾಕುತ್ತಿದ್ದೆಯಲ್ಲ. ಸೋಮಾರಿ, ಕಾಫಿ ಮುಗಿಯುವ ತನಕ ಮೈಗಳ್ಳತನ ಎಂದು ನಾನು ರೇಗಿಸುತ್ತಿದ್ದೆ. ಆ ಎರಡು ಸುತ್ತಿನಲ್ಲಿ ನೀನು ಮಾಡುತ್ತಿದ್ದುದೇ ಕೆಲಸ, ಆಮೇಲೆ ಹತ್ತುವುದು ಬರೀ ಅದನ್ನು ಮೇಲಕ್ಕೆ ಹೊತ್ತುಕೊಂಡು ಹೋಗುವುದು ಎಂದು ಈಗ ಗೊತ್ತಾಗುತ್ತಿದೆ. ಹೊತ್ತುಕೊಂಡು ಹೋಗುವುದಕ್ಕೆ ಈಗ ನನ್ನ ದೋಟಿ ಇದೆ. ನೋಡುವುದಕ್ಕೆ ಯಾರೂ ಇಲ್ಲ. ಇದು ನಿನ್ನನ್ನು ಸಮಾಧಾನಪಡಿಸಲು ಹೇಳುತ್ತಿರುವ ಮಾತು ಎಂದುಕೊಂಡರೆ ನಿನ್ನಂಥ ಪೆದ್ದ ಇನ್ನೊಬ್ಬನಿಲ್ಲ. ನನ್ನ ಭುಜವನ್ನು ಬಂದು ನೋಡು, ಅದು ಸಮಾಧಾನದ ಮಾತು ಆಡುವ ಸ್ಥಿತಿಯಲ್ಲಿಲ್ಲ. ಗೇಟಿನಲ್ಲಿ ಕೂರುವುದು ಕೀಳು ಕೆಲಸ ಎಂದು ನಾನು ಹೇಳುವುದಿಲ್ಲ. ಆದರೆ ನೀನು ಅಲ್ಲಿ ಕೂತು ಎದುರಿಗಿನ ಮರವನ್ನೇ ನೋಡುತ್ತಿರುತ್ತೀ, ಏನು ಕಾಣಿಸಿತು ಎಂದು ಯಾರೂ ನಿನ್ನನ್ನು ಕೇಳುವುದಿಲ್ಲ. ನನಗೆ ಅದನ್ನು ನೆನೆದರೆ ತಡೆಯಲಾಗುವುದಿಲ್ಲ.

ಹಗ್ಗವನ್ನೂ ಪಟ್ಟಿಯನ್ನೂ ಯಾರಿಗೂ ಕೊಟ್ಟಿಲ್ಲ, ಕೊಡುವುದೂ ಇಲ್ಲ. ಮಾವಿನ ಗಾಯದ ಅಂಚು ಒಣಗುತ್ತಿದೆ, ಅದಕ್ಕೆ ಏನೂ ಬಳಿಯಬೇಡ, ಮರ ತಾನೇ ಮುಚ್ಚಿಕೊಳ್ಳುತ್ತದೆ ಎಂದು ನೀನೇ ಯಾವಾಗಲೋ ಹೇಳಿದ್ದೆ, ಹಾಗೇ ಬಿಟ್ಟಿದ್ದೇನೆ. ಟೈಲರಮ್ಮ ನಿನ್ನ ಪ್ಯಾಂಟಿನ ಎಡಗಾಲನ್ನು ಪಟ್ಟಿ ಕಟ್ಟಿದ ಕಾಲಿಗೆ ಹಿಡಿಯುವ ಹಾಗೆ ಅಗಲ ಮಾಡಿಟ್ಟಿದ್ದಾರೆ, ನಿನ್ನನ್ನು ಕೇಳಿದೆನೆಂದು ತಿಳಿಸಲು ಹೇಳಿದರು. ಔಷಧಿ ತಪ್ಪಿಸಬೇಡ. ವ್ಯಾಯಾಮದವಳ ಮೇಲೆ ಕೋಪಿಸಿಕೊಳ್ಳಬೇಡ, ಅವಳ ಕಡೆಗೇ ನಾನೂ ಇದ್ದೇನೆ. ನಿನ್ನ ಕಾಲು ಬೇಗ ನೆಲಕ್ಕೆ ಒಗ್ಗಲಿ, ಮನಸ್ಸು ಅದಕ್ಕಿಂತ ಬೇಗ ಒಗ್ಗಲಿ ಎಂದು ಹಾರೈಸುವ,

ನಿನ್ನ
ಅಕ್ಕ

ತಾ.ಕ.: ನಿನ್ನ ಆಸ್ಪತ್ರೆಯ ಊರಿಗೆ ಹೋಗುವ ಬಸ್ಸಿನ ಕಂಡಕ್ಟರು ಬಾಗಿಲಲ್ಲೇ ನಿಂತಿದ್ದಾರೆ, ಕಾಗದ ಅವರ ಕೈಯಲ್ಲೇ ಬರುತ್ತದೆ, ಅದಕ್ಕೆ ಬೇಗ ಬೇಗ ಬರೆಯುತ್ತಿದ್ದೇನೆ. ಮೇಲೆ ಬಹುತೇಕ ಮುಗಿಸಿದ್ದೇನೆ ಎಂದು ಬರೆದೆನಲ್ಲ, ಮುಗಿದದ್ದು ಆರು ಮರ. ಏಳನೆಯದನ್ನು, ಮಕ್ಕಳು ನೀರು ಕುಡಿಯುವ ನಲ್ಲಿಗಳ ಪಕ್ಕದ್ದನ್ನು, ನಾನು ಮುಟ್ಟಿಲ್ಲ. ನಲ್ಲಿಗಳ ಮೇಲೆ ಚಾಚಿದ ಆ ಕವಲು ಕೊಂಬೆಯಲ್ಲಿ ಯಾವುದು ಯಾವುದರ ಭಾರ ಹೊತ್ತಿದೆ ಎಂದು ಮೂರು ದಿನ ಸುತ್ತಿದರೂ ನನಗೆ ಕಾಣಲಿಲ್ಲ. ಕಾಣದ್ದನ್ನು ನಾನು ಕೊಯ್ಯುವುದಿಲ್ಲ. ಸೋಮವಾರ ಶಾಲೆ ತೆರೆಯುತ್ತದೆ, ಭಾನುವಾರ ಸಂಜೆಗೆ ಅದು ಮುಗಿಯದಿದ್ದರೆ ಏಳೂ ಮರ ಗುತ್ತಿಗೆದಾರನ ಪಾಲು. ನೋಡುವವನು ಶನಿವಾರ ಬರುತ್ತಾನೆ ಎಂದು ಹೆಡ್‌ಮಿಸ್ಸಿಗೆ ಹೇಳಿಬಿಟ್ಟಿದ್ದೇನೆ. ನಿನ್ನ ಡಾಕ್ಟರನ್ನೂ ಫೋನಿನಲ್ಲಿ ಕೇಳಿದೆ, ಕೂತು ನೋಡುವುದಕ್ಕೆ ಅಡ್ಡಿಯಿಲ್ಲವಂತೆ. ಶನಿವಾರ ಬೆಳಿಗ್ಗೆ ಇದೇ ಬಸ್ಸಿನಲ್ಲಿ ಬಂದು ನಿನ್ನನ್ನು ಕರೆದುಕೊಂಡು ಹೋಗುತ್ತೇನೆ. ಬರುತ್ತೀಯೋ ಇಲ್ಲವೋ ಎಂದು ಕೇಳುತ್ತಿಲ್ಲ. ಕುರ್ಚಿಯನ್ನು ಮರದ ಯಾವ ಕಡೆಗೆ, ಎಷ್ಟು ದೂರಕ್ಕೆ ಹಾಕಿಸಲಿ, ಅದೊಂದನ್ನು ಬರೆದು ನಾಳೆ ಕಂಡಕ್ಟರ ಕೈಗೆ ಕೊಡು.